ಹೊಳೆ ದಂಡೆಯ ನಡಿಗೆ: ಹಂಪಿಯೋ, ಆನೆಗೊಂದಿಯೋ, ಪಟ್ಟದಕಲ್ಲೋ, ಶ್ರೀರಂಗಪಟ್ಟಣವೋ?

ಹೊಳೆಯ ಪಕ್ಕದಲ್ಲೇ ಒಂದಷ್ಟು ದೂರ ನಡೆಯಬೇಕು. ದಾರಿಯಲ್ಲಿ ಹಳೆಯ ಗುಡಿ, ಮಂಟಪ, ಕೋಟೆ ಸಿಗಬೇಕು. ಸುತ್ತ ಗದ್ದೆ, ಹಳ್ಳಿ ಇರಬೇಕು. ಈ ಆಸೆ ಇರುವವರಿಗೆ ಕರ್ನಾಟಕದಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಆದರೆ ಪ್ರವಾಸದ ಪಟ್ಟಿಗಳಲ್ಲಿ ಬರೀ ಜಾಗಗಳ ಹೆಸರು ಇರುತ್ತವೆ. ಒಂದು ಗುಡಿಯಿಂದ ಇನ್ನೊಂದಕ್ಕೆ ಕಾಲ್ದಾರಿ ಇದೆಯಾ, ಅದು ನೀರಿನ ಪಕ್ಕದಲ್ಲೇ ಹೋಗುತ್ತಾ, ಯಾವ ತಿಂಗಳಲ್ಲಿ ಮುಳುಗುತ್ತೆ ಅನ್ನೋದು ಇರುವುದಿಲ್ಲ. ನಡೆಯುವವರಿಗೆ ಬೇಕಾಗಿರುವುದು ಅದೇ ಅಲ್ವಾ?

ಇಲ್ಲಿ ನಾಲ್ಕು ದಾರಿಗಳನ್ನು ಹೋಲಿಸಿದ್ದೇನೆ. ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿ, ಉತ್ತರ ದಂಡೆಯ ಆನೆಗೊಂದಿ, ಮಲಪ್ರಭೆಯ ಪಟ್ಟದಕಲ್ಲು ಮತ್ತು ಐಹೊಳೆ, ಕಾವೇರಿ ನಡುವಿನ ಶ್ರೀರಂಗಪಟ್ಟಣ. ಜೊತೆಗೆ ತಲಕಾಡಿನ ಬಗ್ಗೆ ನಾಲ್ಕು ಮಾತು. ನಾನು ಪ್ರತಿ ದಾರಿಗೂ ಕೇಳಿಕೊಂಡ ಪ್ರಶ್ನೆ ಒಂದೇ. ಕಾರಿನಲ್ಲಿ ಹೋಗಿ ಇಳಿದು ನೋಡಿದರೆ ಸಿಗದೆ, ನಡೆದರೆ ಮಾತ್ರ ಸಿಗುವಂಥದ್ದು ಅಲ್ಲಿ ಏನಿದೆ? ಈ ಊರುಗಳನ್ನು ಕಟ್ಟಿದವರು ಹೊಳೆಯನ್ನು ನೋಡಿಕೊಂಡೇ ಕಟ್ಟಿದರು. ನಾವು ಮಾತ್ರ ಡಾಂಬರು ರಸ್ತೆಯ ಕಡೆಯಿಂದ ಹೋಗಿ, ಅರ್ಧ ನೋಡಿ ಬರುತ್ತೇವೆ.

ಹಂಪಿ: ನೀರು ಕೈಬಿಡದ ದಾರಿ

ವಿರೂಪಾಕ್ಷ ಗುಡಿಯ ಮುಂದಿನ ಬಜಾರು ಸುಮಾರು ಮುಕ್ಕಾಲು ಕಿಲೋಮೀಟರ್ ಪೂರ್ವಕ್ಕೆ ಹೋಗಿ ಎದುರು ಬಸವಣ್ಣನ ಹತ್ತಿರ ಮುಗಿಯುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಎಡಕ್ಕೆ ಒಂದು ಕಾಲ್ದಾರಿ ಇಳಿಯುತ್ತದೆ. ಅಲ್ಲಿಂದ ವಿಜಯ ವಿಠ್ಠಲ ಗುಡಿಯವರೆಗೆ ಸುಮಾರು ಎರಡು ಕಿಲೋಮೀಟರ್. ದೂರ ಕಡಿಮೆ. ಆದರೆ ನಿಂತು ನೋಡುತ್ತಾ ಹೋದರೆ ಎರಡು ಮೂರು ಗಂಟೆ ಬೇಕೇ ಬೇಕು.

ಮೊದಲು ಬರುವುದು ಚಕ್ರತೀರ್ಥ. ಗುಡ್ಡಗಳ ನಡುವೆ ಹೊಳೆ ತಿರುಗುವ ಜಾಗ. ದಂಡೆಯ ಮೇಲೇ ಕೋದಂಡರಾಮನ ಗುಡಿ ಇದೆ. ಒಳಗಿನ ರಾಮ, ಲಕ್ಷ್ಮಣ, ಸೀತೆಯನ್ನು ಅಲ್ಲಿದ್ದ ಬಂಡೆಯಲ್ಲೇ ಕಡೆದಿದ್ದಾರೆ. ಈಗಲೂ ಪೂಜೆ ನಡೆಯುತ್ತದೆ. ಹಿಂದಿನ ಮೆಟ್ಟಿಲು ಹತ್ತಿದರೆ ಯಂತ್ರೋದ್ಧಾರಕ ಆಂಜನೇಯ ಸಿಗುತ್ತಾನೆ. ಇವನನ್ನು ಪ್ರತಿಷ್ಠೆ ಮಾಡಿದವರು ವ್ಯಾಸರಾಯರು ಅನ್ನುವುದು ಪರಂಪರೆಯ ನಂಬಿಕೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ಮುಂದೆ ಬಲಕ್ಕೆ ಒಂದು ಅಗಲವಾದ ಹಾಳು ಬೀದಿ ಕಾಣುತ್ತದೆ. ಎರಡೂ ಕಡೆ ಕಲ್ಲುಕಂಬದ ಸಾಲು, ಕೊನೆಗೆ ಅಚ್ಯುತರಾಯ ಗುಡಿ. 1534ರಲ್ಲಿ ಕಟ್ಟಿದ್ದು. ಹಂಪಿಗೆ ಬರುವವರಲ್ಲಿ ಬಹಳ ಜನ ಈ ಬೀದಿಗೆ ಕಾಲಿಡುವುದೇ ಇಲ್ಲ, ಯಾಕೆಂದರೆ ಇಲ್ಲಿಗೆ ವಾಹನ ಬರುವುದಿಲ್ಲ. ನನ್ನ ಮಟ್ಟಿಗೆ ಇಡೀ ಹಂಪಿಯಲ್ಲಿ ಇದೇ ಅತ್ಯಂತ ಚಂದದ ಬೀದಿ. ಹೋಗುವಾಗ ಇದನ್ನು ದೂರದಿಂದ ನೋಡಿ ಮುಂದೆ ಹೋಗಿ. ವಾಪಸ್ ಬರುವಾಗ ಈ ಗುಡಿಯ ಮೂಲಕ ಬಂದು, ಮಾತಂಗ ಪರ್ವತದ ಬುಡದಲ್ಲಿರುವ ಕಣಿವೆ ದಾರಿ ಹಿಡಿದರೆ ನೇರ ಎದುರು ಬಸವಣ್ಣನ ಹತ್ತಿರ ಇಳಿಯುತ್ತೀರಿ. ಹೀಗೆ ಮಾಡಿದರೆ ಹೋದ ದಾರಿಯಲ್ಲೇ ಪೂರ್ತಿ ಮರಳುವುದು ತಪ್ಪುತ್ತದೆ.

ಮುಂದೆ ವರಾಹ ಗುಡಿ, ಸುಗ್ರೀವನ ಗುಹೆ. ಗುಹೆಯ ಹತ್ತಿರದ ಬಂಡೆಯ ಮೇಲಿನ ಪಟ್ಟೆಗಳನ್ನು ಸೀತೆಯ ಸೆರಗಿನ ಗುರುತು ಅಂತ ಊರವರು ತೋರಿಸುತ್ತಾರೆ. ಆಮೇಲೆ ಹೊಳೆಯಲ್ಲಿ ಸಾಲಾಗಿ ನಿಂತಿರುವ ಕಲ್ಲುಕಂಬಗಳು ಕಾಣುತ್ತವೆ. ಅದು ಹಳೆಯ ಸೇತುವೆಯ ಉಳಿಕೆ. ಎದುರು ದಂಡೆಯ ಆನೆಗೊಂದಿಗೂ ಈ ದಂಡೆಯ ರಾಜಧಾನಿಗೂ ಎಷ್ಟು ಹತ್ತಿರದ ನಂಟಿತ್ತು ಅನ್ನೋದನ್ನು ಅಲ್ಲಿ ನಿಂತು ನೋಡಿದರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದರ ಹತ್ತಿರವೇ, ನೀರಿಗೆ ತಾಗಿಕೊಂಡಂತೆ, ಪುರಂದರ ಮಂಟಪ. ಪುರಂದರದಾಸರು ಇಲ್ಲಿ ಕೂತು ಹಾಡುತ್ತಿದ್ದರು ಅನ್ನುವ ನಂಬಿಕೆ. ದಾಸರಿಗೆ ದೀಕ್ಷೆ ಕೊಟ್ಟ ಗುರುಗಳು ವ್ಯಾಸರಾಯರು. ಆ ವ್ಯಾಸರಾಯರ ಬೃಂದಾವನ ಇರುವುದು ಇದೇ ಹೊಳೆಯ ನಡುಗಡ್ಡೆಯಲ್ಲಿ, ಆನೆಗೊಂದಿಯ ಹತ್ತಿರದ ನವಬೃಂದಾವನದಲ್ಲಿ. ಗುರುಗಳ ಆಂಜನೇಯ, ಶಿಷ್ಯರ ಮಂಟಪ, ಗುರುಗಳ ಬೃಂದಾವನ, ಮೂರೂ ಒಂದೇ ನೀರಿನ ದಾರಿಯಲ್ಲಿವೆ. ಕಾರಿನಲ್ಲಿ ಹೋದರೆ ಇವು ಮೂರು ಬೇರೆ ಬೇರೆ ಜಾಗಗಳು. ನಡೆದು ಹೋದರೆ ಒಂದೇ ಕಥೆ. ಹಂಪಿಯ ದಾರಿಗೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ.

ಕೊನೆಗೆ ಸಿಗುವುದು ತುಲಾಭಾರದ ಕಂಬ. ಎರಡು ಎತ್ತರದ ಕಲ್ಲುಕಂಬ, ಮೇಲೊಂದು ಅಡ್ಡ ತೊಲೆ, ತಕ್ಕಡಿ ಕಟ್ಟಲು ಕಲ್ಲಿನ ಬಳೆ. ಅದನ್ನು ದಾಟಿದರೆ ವಿಠ್ಠಲ ಗುಡಿ. ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ ಇಲ್ಲಿಯದೇ. ಒಳಗೆ ಹೋಗಲು ಟಿಕೆಟ್ ಬೇಕು. ಅದೇ ಟಿಕೆಟ್ ಅದೇ ದಿನ ಕಮಲ ಮಹಲ್ ಇರುವ ಜನಾನಾ ಆವರಣಕ್ಕೂ ನಡೆಯುತ್ತದೆ, ಎಸೆಯಬೇಡಿ. ಸಂಗೀತದ ಕಂಬಗಳನ್ನು ಬಡಿದು ನೋಡುವಂತಿಲ್ಲ. ದಯವಿಟ್ಟು ಬಡಿಯಬೇಡಿ, ಅವು ಈಗಾಗಲೇ ಸಾಕಷ್ಟು ಪೆಟ್ಟು ತಿಂದಿವೆ.

ಕಷ್ಟಗಳೂ ಇವೆ. ದಾರಿಯಲ್ಲಿ ಬಂಡೆ, ಮೆಟ್ಟಿಲು, ಏರಿಳಿತ ಜಾಸ್ತಿ. ಮಂಡಿ ನೋವಿರುವವರಿಗೆ, ಗಾಲಿ ಕುರ್ಚಿಯವರಿಗೆ ಇದು ಆಗುವುದಿಲ್ಲ. ಅವರು ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿಯಲ್ಲಿ ವಿಠ್ಠಲ ಗುಡಿಗೆ ಬರಬಹುದು. ನೆರಳು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆಗಳು ಕಾದು ಉರಿಯುತ್ತವೆ, ಬೆಳಿಗ್ಗೆ ಒಂಬತ್ತರ ಮೇಲೆ ನಡೆಯುವುದು ಬೇಡ. ಕೋತಿಗಳು ಬಹಳ. ಬಾಳೆಹಣ್ಣು ಕೈಯಲ್ಲಿ ಹಿಡಿದು ಹೋದರೆ ಅದು ನಿಮ್ಮದಾಗಿ ಉಳಿಯುವುದಿಲ್ಲ.

ಆನೆಗೊಂದಿ: ಜನ ಬಾಳುತ್ತಿರುವ ದಂಡೆ

ತಳವಾರಘಟ್ಟದಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ಆನೆಗೊಂದಿ. ಹಂಪಿಯ ದಂಡೆಯಲ್ಲಿ ನೋಡಿದ್ದು ಹಾಳಾದ ನಗರ. ಇಲ್ಲಿ ಕೋಟೆ ಬಾಗಿಲಿನ ಒಳಗೆ ಈಗಲೂ ಊರಿದೆ. ಗಗನ ಮಹಲಿನ ಮುಂದೆ ಮಕ್ಕಳು ಆಡುತ್ತಿರುತ್ತಾರೆ, ರಂಗನಾಥನ ಗುಡಿಯಲ್ಲಿ ಪೂಜೆ ನಡೆಯುತ್ತಿರುತ್ತದೆ, ಹೆಂಗಸರು ಬಾಳೆ ನಾರಿನಿಂದ ಚೀಲ, ಚಾಪೆ ಮಾಡುತ್ತಿರುತ್ತಾರೆ. ಹಳ್ಳಿಯ ನಡಿಗೆ ಬೇಕು ಅನ್ನುವವರು ಹಂಪಿಗಿಂತ ಇದನ್ನೇ ಆರಿಸಿಕೊಳ್ಳಲಿ.

ಊರಿನಿಂದ ಹೊಳೆಯ ಕಡೆ ನಡೆದರೆ ಚಿಂತಾಮಣಿ. ವಾಲಿಗೆ ರಾಮ ಬಾಣ ಬಿಟ್ಟಿದ್ದು ಇಲ್ಲಿಂದಲೇ ಅಂತ ಸ್ಥಳದ ಕಥೆ. ಅಲ್ಲೇ ಹತ್ತಿರ ದಂಡೆಯಲ್ಲಿ ಅರವತ್ನಾಲ್ಕು ಕಂಬದ ಮಂಟಪ. ಅದು ಕೃಷ್ಣದೇವರಾಯನ ಸಮಾಧಿ ಅಂತ ಊರವರು ನಂಬುತ್ತಾರೆ. ನೀರು ಹೆಚ್ಚಿದ್ದಾಗ ಮಂಟಪದ ಸುತ್ತ ಹೊಳೆ ಬರುತ್ತದೆ. ದೋಣಿ ಸಿಕ್ಕರೆ ನವಬೃಂದಾವನಕ್ಕೂ ಹೋಗಿ ಬನ್ನಿ. ಒಂಬತ್ತು ಮಾಧ್ವ ಯತಿಗಳ ಬೃಂದಾವನಗಳಿವೆ. ಅದು ಪೂಜೆಯ ಜಾಗ. ಫೋಟೊ ತೆಗೆಯುವ ಜಾಗ ಅಂತ ಅಂದುಕೊಂಡು ಹೋಗಬೇಡಿ.

ಆದರೆ ಒಂದು ಕೊರತೆ ಇದೆ. ಇಲ್ಲಿ ಹೊಳೆ ಉದ್ದಕ್ಕೂ ಜೊತೆಗೆ ಬರುವುದಿಲ್ಲ. ಕೋಟೆ ಬಾಗಿಲಲ್ಲಿ, ಚಿಂತಾಮಣಿಯಲ್ಲಿ, ಮಂಟಪದಲ್ಲಿ ಸಿಕ್ಕಿ, ನಡುವೆ ಗದ್ದೆಗಳ ಹಿಂದೆ ಮರೆಯಾಗುತ್ತದೆ. ಪಂಪಾ ಸರೋವರ, ಅಂಜನಾದ್ರಿ ಕಡೆ ಹೋಗುವ ದಾರಿ ಪೂರ್ತಿ ವಾಹನಗಳ ರಸ್ತೆ. ಅಂಜನಾದ್ರಿಯ ಐನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಶನಿವಾರ, ಭಾನುವಾರ ಹತ್ತಲು ಹೋದರೆ ನೂಕುನುಗ್ಗಲು. ಸುಮ್ನೆ ಆ ಕಡೆ ರಸ್ತೆಯಲ್ಲಿ ನಡೆದು ದಣಿಯಬೇಡಿ, ಆಟೊ ಹಿಡಿಯಿರಿ. ನಡಿಗೆಯನ್ನು ಆನೆಗೊಂದಿ ಊರು ಮತ್ತು ಹೊಳೆಯ ನಡುವೆ ಇಟ್ಟುಕೊಳ್ಳಿ.

ಗದ್ದೆಗಳನ್ನು ಮಾತ್ರ ನಿಂತು ನೋಡಿ. ಈ ಭಾಗದಲ್ಲಿ ವಿಜಯನಗರದ ಕಾಲದ ಕಾಲುವೆಗಳು ಇನ್ನೂ ನೀರು ಕೊಡುತ್ತಿವೆ. ಹಂಪಿ ಕಡೆಯ ‘ತುರ್ತು’ ಅನ್ನುವ ಹೆಸರಿನ ಕಾಲುವೆ ಈಗಲೂ ಬಾಳೆ ತೋಟಗಳಿಗೆ ಹರಿಯುತ್ತದೆ. 1565ರ ತಾಳಿಕೋಟೆ ಯುದ್ಧದ ಸೋಲಿನಲ್ಲಿ ಅರಮನೆಗಳು ಹೋದವು, ಕಾಲುವೆ ಉಳಿಯಿತು. ದಾರಿಯಲ್ಲಿ ಸುಗಂಧಿ ಬಾಳೆಹಣ್ಣು ಸಿಕ್ಕರೆ ಬಿಡಬೇಡಿ.

ಮಲಪ್ರಭೆ: ಉದ್ದದ ದಾರಿಯಿಲ್ಲ, ಆದರೂ ಹೋಗಬೇಕು

ಪಟ್ಟದಕಲ್ಲಿನಿಂದ ಐಹೊಳೆಯವರೆಗೆ ಹೊಳೆ ದಂಡೆಯಲ್ಲೇ ನಡೆದುಬಿಡಬಹುದು ಅಂತ ನಕಾಶೆ ನೋಡಿದಾಗ ಅನ್ನಿಸುತ್ತದೆ. ಹಾಗೆ ಗುರುತು ಮಾಡಿದ ಕಾಲ್ದಾರಿ ಇಲ್ಲ. ನಡುವೆ ಹೊಲಗಳು, ಮುಳ್ಳುಬೇಲಿ, ಕಪ್ಪು ಮಣ್ಣು. ಮಳೆ ಬಂದರೆ ಆ ಎರೆಮಣ್ಣಿನಲ್ಲಿ ಹೆಜ್ಜೆ ಕೀಳುವುದೇ ಕಷ್ಟ. ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಬಸ್ಸಿನಲ್ಲೋ ಆಟೊದಲ್ಲೋ ಹೋಗಿ. ಎರಡೂ ತುದಿಗಳಲ್ಲಿ ಹೊಳೆಯ ಕಡೆ ನಡೆಯಿರಿ.

ಪಟ್ಟದಕಲ್ಲಿನಲ್ಲಿ ಮಲಪ್ರಭೆ ಉತ್ತರಕ್ಕೆ ಹರಿಯುತ್ತದೆ. ಉತ್ತರವಾಹಿನಿ ಅಂದರೆ ನಮ್ಮಲ್ಲಿ ಪುಣ್ಯದ ಜಾಗ. ಬಾದಾಮಿ ಚಾಲುಕ್ಯರು ಪಟ್ಟಾಭಿಷೇಕಕ್ಕೆ ಇಲ್ಲಿಗೆ ಬರುತ್ತಿದ್ದರು. ಗುಡಿಗಳು ಪೂರ್ವಕ್ಕೆ, ಅಂದರೆ ಹೊಳೆಯ ಕಡೆಗೆ ಮುಖ ಮಾಡಿವೆ. ರಸ್ತೆಯಿಂದ ಬರುವ ನಮಗೆ ಮೊದಲು ಕಾಣುವುದು ಅವುಗಳ ಬೆನ್ನು. ಹಾಗಾಗಿ ಒಳಗೆ ಹೋದ ಕೂಡಲೇ ನಿಲ್ಲಬೇಡಿ. ವಿರೂಪಾಕ್ಷ ಗುಡಿಯ ಪೂರ್ವದ ಬಾಗಿಲಿನವರೆಗೆ ನಡೆದು, ಹೊಳೆಗೆ ಬೆನ್ನು ಕೊಟ್ಟು ನಿಂತು, ಅಲ್ಲಿಂದ ಶುರುಮಾಡಿ. ಬಾಗಿಲು, ನಂದಿಯ ಮಂಟಪ, ಅದರೊಳಗಿನ ದೊಡ್ಡ ಕರಿಕಲ್ಲಿನ ನಂದಿ, ಎದುರಿಗೆ ಗುಡಿ, ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದರ ನೆನಪಿಗೆ ರಾಣಿ ಲೋಕಮಹಾದೇವಿ ಇದನ್ನು ಸುಮಾರು 740ರಲ್ಲಿ ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿಯನ್ನು ಕಟ್ಟಿದ ಶಿಲ್ಪಿ ಗುಂಡನ ಹೆಸರು ಶಾಸನದಲ್ಲಿದೆ, ಅವನಿಗೆ ಅನಿವಾರಿತಾಚಾರಿ ಅನ್ನುವ ಬಿರುದು ಕೊಟ್ಟರು. ಕಟ್ಟಿಸಿದ ರಾಣಿಯ ಹೆಸರೂ ಕಟ್ಟಿದ ಕೆಲಸಗಾರನ ಹೆಸರೂ ಒಂದೇ ಗುಡಿಯಲ್ಲಿ ಉಳಿದಿರುವುದು ನನಗೆ ಬಹಳ ದೊಡ್ಡ ವಿಷಯ.

ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಪಾಪನಾಥ ಗುಡಿ. ಗುಂಪಿನಿಂದ ದೂರ ಇರುವುದರಿಂದ ಬಸ್ಸಿನಲ್ಲಿ ಬಂದವರು ಇದನ್ನು ಬಿಟ್ಟುಬಿಡುತ್ತಾರೆ. ಹೊರಗೋಡೆಯ ಮೇಲೆ ರಾಮಾಯಣದ ಸಾಲುಗಳಿವೆ. ಇಲ್ಲಿ ಸದ್ದೇ ಇರುವುದಿಲ್ಲ.

ಐಹೊಳೆಯಲ್ಲಿ ದುರ್ಗದ ಗುಡಿ, ಲಾಡಖಾನ್ ಗುಡಿ ನೋಡಿ ಹೊರಡುವವರೇ ಜಾಸ್ತಿ. ಹೊಳೆಯ ನಡಿಗೆಗೆ ಬಂದವರು ಊರು ದಾಟಿ ಗಳಗನಾಥ ಗುಂಪಿನ ಕಡೆ ಹೋಗಬೇಕು. ದಂಡೆಯಲ್ಲಿ ಸಣ್ಣ ಸಣ್ಣ ಗುಡಿಗಳ ಒಂದು ಕೇರಿಯೇ ಇದೆ. ಹೊಳೆಯ ಹತ್ತಿರ ಕೊಡಲಿಯ ಆಕಾರದ ಬಂಡೆ ಇದೆ. ಪರಶುರಾಮ ತನ್ನ ಕೊಡಲಿ ತೊಳೆದದ್ದು ಇಲ್ಲೇ ಅಂತ ಕಥೆ. ಸಂಜೆ ಮೇಗುತಿ ಗುಡ್ಡ ಹತ್ತಿ. ಅಲ್ಲಿ 634ರಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಇಮ್ಮಡಿ ಪುಲಕೇಶಿಯ ಗೆಲುವುಗಳು, ಕಾಳಿದಾಸ ಭಾರವಿಯರ ಹೆಸರುಗಳು ಅದರಲ್ಲಿವೆ. ಮೇಲಿನಿಂದ ಇಡೀ ಊರು, ಗುಡಿಗಳು ಕಾಣುತ್ತವೆ.

ಹಂಪಿಗೆ ಹೋಲಿಸಿದರೆ ಇಲ್ಲಿ ನಡಿಗೆ ತುಂಡು ತುಂಡು. ಆದರೆ ಕೆತ್ತನೆ ನೋಡುವ ಆಸೆಯಿದ್ದರೆ ಹಂಪಿ ಇದರ ಹತ್ತಿರಕ್ಕೂ ಬರುವುದಿಲ್ಲ ಅಂತ ನನ್ನ ಅಭಿಪ್ರಾಯ. ಇಲ್ಲಿಯ ಕೆಂಪು ಮರಳುಗಲ್ಲು ಉಳಿಗೆ ಬಗ್ಗುವ ಕಲ್ಲು. ಇಳಿ ಬಿಸಿಲಿನಲ್ಲಿ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಊಟಕ್ಕೆ ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಡುತ್ತಾರೆ.

ಇನ್ನೊಂದು ಮಾತು. ಬೇಸಿಗೆಯಲ್ಲಿ ಮಲಪ್ರಭೆಯಲ್ಲಿ ನೀರು ಬಹಳ ಕಡಿಮೆ, ಕೆಲವು ಕಡೆ ಇರುವುದೇ ಇಲ್ಲ. ಮಳೆಗಾಲದಲ್ಲಿ ಉಲ್ಟಾ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ಪ್ರವಾಹ ನುಗ್ಗಿತ್ತು.

ಅಣೆಕಟ್ಟು ನೋಡಿಕೊಂಡು ದಿನ ಗೊತ್ತು ಮಾಡಿ

ಈ ಎಲ್ಲ ದಾರಿಗಳಿಗೂ ಮೇಲ್ಗಡೆ ಒಂದೊಂದು ಅಣೆಕಟ್ಟು ಇದೆ. ಹಂಪಿ, ಆನೆಗೊಂದಿಗೆ ಹೊಸಪೇಟೆಯ ತುಂಗಭದ್ರಾ ಜಲಾಶಯ. ಪಟ್ಟದಕಲ್ಲು, ಐಹೊಳೆಗೆ ಸವದತ್ತಿಯ ನವಿಲುತೀರ್ಥ. ಶ್ರೀರಂಗಪಟ್ಟಣಕ್ಕೆ ಕೆಆರ್‌ಎಸ್. ನೀವು ಹೋದ ದಿನ ಅಲ್ಲಿ ಮಳೆ ಇಲ್ಲದಿರಬಹುದು, ಬಿಸಿಲೇ ಇರಬಹುದು. ಮೇಲೆ ಗೇಟು ತೆಗೆದರೆ ಕೆಳಗೆ ಹೊಳೆ ಏರುತ್ತದೆ. ಹಂಪಿಯಲ್ಲಿ ನೀರು ಹೆಚ್ಚು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ದೋಣಿ ನಿಲ್ಲುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ದಿನದ ಪೇಪರಿನಲ್ಲಿ ಜಲಾಶಯದ ಹೊರಹರಿವು ನೋಡಿಕೊಳ್ಳಿ.

ನೀರಿಗಿಳಿಯುವ ಆಸೆ ಎಲ್ಲೂ ಬೇಡ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ನೀರುನಾಯಿಗಳೂ ಇವೆ. 2015ರಲ್ಲಿ ಈ ಹೊಳೆಯ ಒಂದು ಭಾಗವನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಬೆಳಿಗ್ಗೆ ಬೇಗ, ಮಾತಿಲ್ಲದೆ ದಂಡೆಯಲ್ಲಿ ಕೂತರೆ ಕಾಣುವ ಸಾಧ್ಯತೆ ಇದೆ.

ಶ್ರೀರಂಗಪಟ್ಟಣ: ರೈಲಿಳಿದು ನಡೆಯುವ ಊರು

ಬೆಂಗಳೂರು, ಮೈಸೂರಿನವರಿಗೆ ಇದರಷ್ಟು ಸುಲಭ ಬೇರೆ ಇಲ್ಲ. ರೈಲು ನಿಲ್ದಾಣ ಕೋಟೆಗೆ ಅಂಟಿಕೊಂಡಂತಿದೆ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗಬಹುದು. ದಾರಿ ಸಮತಟ್ಟು. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಬಹುದು.

ಇಲ್ಲಿ ಹೊಳೆಯೇ ಕೋಟೆಯ ಮೊದಲ ಗೋಡೆ. ಕಾವೇರಿ ಎರಡಾಗಿ ಒಡೆದು ಊರನ್ನು ಸುತ್ತಿ, ಪೂರ್ವದ ತುದಿಯ ಸಂಗಮದಲ್ಲಿ ಮತ್ತೆ ಸೇರುತ್ತದೆ. ರಂಗನಾಥನ ದರ್ಶನ ಮುಗಿಸಿ ಹೊಳೆಯ ಕಡೆಯ ಕೋಟೆ ಗೋಡೆಯತ್ತ ನಡೆಯಿರಿ. ಟಿಪ್ಪು ಸುಲ್ತಾನ್ 1799ರ ಮೇ 4ರಂದು ಬಿದ್ದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ. ಹತ್ತಿರದಲ್ಲೇ ನೀರಿನ ಬಾಗಿಲು. ಕೋಟೆ ಗೋಡೆಯ ಒಳಗೆ ಕರ್ನಲ್ ಬೇಲಿಯ ಬಂದೀಖಾನೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ಸೇನೆಗೆ ಸೋತು ಸೆರೆಸಿಕ್ಕ ಬ್ರಿಟಿಷ್ ಸೇನಾಧಿಕಾರಿ ಈ ಬೇಲಿ. ಕೋಟೆಯಿಂದ ಪೂರ್ವಕ್ಕೆ ಸುಮಾರು ಒಂದು ಕಿಲೋಮೀಟರ್ ನಡೆದು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿಗೆ ಹೋದರೆ ಅದೇ ಯುದ್ಧದ ಚಿತ್ರ ಗೋಡೆಯ ಮೇಲಿದೆ, ಪಲ್ಲಕ್ಕಿಯಲ್ಲಿ ಕೂತ ಬೇಲಿಯೂ ಇದ್ದಾನೆ. ಬಂದೀಖಾನೆಯನ್ನು ಮೊದಲು, ಚಿತ್ರವನ್ನು ಆಮೇಲೆ ನೋಡಿ. ಆಗ ಚಿತ್ರ ಬೇರೆಯೇ ಆಗಿ ಕಾಣುತ್ತದೆ.

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನೂ ನೋಡಿ ಬನ್ನಿ. ಟಿಪ್ಪುವಿನ ಸಮಾಧಿಯಿರುವ ಗುಂಬಜ್, ನಿಮಿಷಾಂಬ ಗುಡಿ, ಸಂಗಮಕ್ಕೆ ಹೋಗುವಾಗ ಮಾತ್ರ ರಸ್ತೆಯ ನಡಿಗೆ, ವಾಹನಗಳ ಕಾಟ. ಕೋಟೆಯಿಂದ ಸಂಗಮಕ್ಕೆ ಸುಮಾರು ನಾಲ್ಕು ಕಿಲೋಮೀಟರ್. ಸಾಕಾದರೆ ಆಟೊ, ಕುದುರೆ ಗಾಡಿ ಹಿಡಿಯಬಹುದು. ದಂಡೆಯಲ್ಲಿ ಕಸ ಜಾಸ್ತಿ ಅನ್ನುವುದನ್ನೂ ಹೇಳಲೇಬೇಕು. ಪೂಜೆ, ಪಿಂಡ ಬಿಡುವ ಜಾಗಗಳ ಹತ್ತಿರ ಬಟ್ಟೆ, ಪ್ಲಾಸ್ಟಿಕ್ ನೀರಿನಲ್ಲೇ ಬಿದ್ದಿರುತ್ತವೆ. ಕಾವೇರಿಯನ್ನು ತಾಯಿ ಅನ್ನುವವರು ನಾವು. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ತಲಕಾಡು ಚಿಕ್ಕ ಮಕ್ಕಳಿರುವವರಿಗೆ. ಮರಳಿನಲ್ಲಿ ನಡೆಯುವುದೇ ಅವರಿಗೆ ಆಟ. ಪಾತಾಳೇಶ್ವರ, ಮರುಳೇಶ್ವರ, ವೈದ್ಯೇಶ್ವರ, ಹಾಗೂ ವಿಷ್ಣುವರ್ಧನ ಚೋಳರನ್ನು ಗೆದ್ದ ಮೇಲೆ ಕಟ್ಟಿಸಿದ ಕೀರ್ತಿನಾರಾಯಣ, ಎಲ್ಲ ಒಂದೇ ಸುತ್ತಿನಲ್ಲಿ ಆಗುತ್ತವೆ. ಅಲಮೇಲಮ್ಮನ ಶಾಪದ ಕಥೆ ಹೇಳುತ್ತಾ ನಡೆದರೆ ಮಕ್ಕಳಿಗೆ ದಣಿವು ಗೊತ್ತಾಗುವುದಿಲ್ಲ. ಆದರೆ ಹೊಳೆ ನಡಿಗೆಯ ಕೊನೆಗೆ ಮಾತ್ರ ಸಿಗುತ್ತದೆ, ಅಲ್ಲಿ ಸುಳಿಗಳಿವೆ, ಮಕ್ಕಳ ಕೈ ಬಿಡಬೇಡಿ.

ಹಾಗಾದರೆ ಯಾವುದು?

ಒಂದೇ ದಿನ ಇದ್ದು, ಕಾಲು ಗಟ್ಟಿ ಇದ್ದರೆ ಹಂಪಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಸೂರ್ಯ ಹುಟ್ಟುವಾಗ ಹೊರಡಿ. ಹಂಪಿಯನ್ನು ಮೊದಲೇ ನೋಡಿದವರು, ಗಡಿಬಿಡಿ ಬೇಡ ಅನ್ನುವವರು ಆನೆಗೊಂದಿಯಲ್ಲಿ ಒಂದು ರಾತ್ರಿ ಉಳಿಯಲಿ. ಶಿಲ್ಪದ ಮೇಲೆ ಪ್ರೀತಿ ಇದ್ದವರಿಗೆ ಮಲಪ್ರಭೆ, ಆದರೆ ಬಾದಾಮಿಯಲ್ಲಿ ಎರಡು ದಿನ ಇಟ್ಟುಕೊಳ್ಳಿ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಒಳಗೆ ಹೋದರೆ ಹೊಳೆಯಲ್ಲಿ ನೀರೂ ಇರುತ್ತದೆ, ಹೊಲದಲ್ಲಿ ಬೆಳೆಯೂ ಇರುತ್ತದೆ. ರಜೆ ಸಿಗದವರಿಗೆ, ಹಿರಿಯರ ಜೊತೆ ಹೋಗುವವರಿಗೆ ಶ್ರೀರಂಗಪಟ್ಟಣ.

ತುಂಗಭದ್ರೆಯ ಎರಡೂ ದಂಡೆ ನೋಡಬೇಕು ಅನ್ನುವವರು ಬೆಳಿಗ್ಗೆ ಹಂಪಿಯಿಂದ ವಿಠ್ಠಲ ಗುಡಿಯವರೆಗೆ ನಡೆದು, ಅಲ್ಲಿಂದ ತಳವಾರಘಟ್ಟಕ್ಕೆ ಹೋಗಿ ಹೊಳೆ ದಾಟಿ. ದಾಟುವ ಮುಂಚೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ದೋಣಿಯವರನ್ನು ಕೇಳಿಕೊಳ್ಳಿ. ಅದು ತಪ್ಪಿದರೆ ಕಡೇಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ಸುತ್ತಿ ಬರಬೇಕು, ಸಂಜೆ ಆಟೊದವರು ಅಷ್ಟು ದೂರಕ್ಕೆ ಸುಲಭವಾಗಿ ಒಪ್ಪುವುದಿಲ್ಲ.